ತಡವಾಗಿ ಬಂದವರ ಎಂಜಿನಿಯರಿಂಗ್

ಹದಿನೆಂಟು ತುಂಬುವ ಹೊತ್ತಿಗೆ ಗಣಿತ ಕೈಗೆ ಹತ್ತದವರು ಎಂಜಿನಿಯರ್ ಆಗಲಾರರು ಎಂದು ನಮ್ಮ ಯಾವ ಕಾನೂನೂ ಹೇಳುವುದಿಲ್ಲ. ಆದರೂ ನಮ್ಮ ಪ್ರವೇಶದ ವ್ಯವಸ್ಥೆ ಹಾಗೆಂದೇ ನಂಬಿಕೊಂಡು ನಡೆಯುತ್ತದೆ. ದ್ವಿತೀಯ ಪಿಯುಸಿ, ಅದರ ಬೆನ್ನಿಗೇ ಸಿಇಟಿ, ಆಮೇಲೆ ರ‍್ಯಾಂಕ್, ಆಮೇಲೆ ಸೀಟು. ಈ ಕೆಲವೇ ತಿಂಗಳಲ್ಲಿ ಯಾರು ಒಳಗೆ, ಯಾರು ಹೊರಗೆ ಎಂಬುದು ಇತ್ಯರ್ಥವಾಗಿಬಿಡುತ್ತದೆ. ಆ ವರ್ಷ ಮನೆಯಲ್ಲಿ ಕಾಯಿಲೆಯಿದ್ದವರು, ಪಿಯುಸಿಯಲ್ಲಿ ವಾಣಿಜ್ಯ ಓದಿ ಆಮೇಲೆ ಯಂತ್ರಗಳ ಕಡೆ ಮನಸ್ಸು ಹರಿದವರು, ಒಳ್ಳೆಯ ಗಣಿತದ ಮೇಷ್ಟರೇ ಇಲ್ಲದ ಊರಿನಿಂದ ಬಂದವರು, ಇವರಿಗೆಲ್ಲ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮತ್ತೆ ಒಳಬರುವ ದಾರಿ ಇಲ್ಲವೆನ್ನುವಷ್ಟು ಕಿರಿದು.

ಇದೇ ಪ್ರಶ್ನೆಗೆ ಅಮೆರಿಕದ ಸಾರ್ವಜನಿಕ ಶಿಕ್ಷಣ ಬೇರೆ ಉತ್ತರ ಕೊಟ್ಟಿದೆ. ಅಲ್ಲಿನ ಕಮ್ಯುನಿಟಿ ಕಾಲೇಜಿಗೆ ಹೈಸ್ಕೂಲು ಮುಗಿಸಿದ ಯಾರು ಬೇಕಾದರೂ ಸೇರಬಹುದು. ಪ್ರವೇಶ ಪರೀಕ್ಷೆಯಿಲ್ಲ, ವಯಸ್ಸಿನ ಮಿತಿಯಿಲ್ಲ. ಎಂಜಿನಿಯರಿಂಗ್ ಪದವಿಯ ಮೊದಲ ಎರಡು ವರ್ಷದ ಗಣಿತ, ವಿಜ್ಞಾನಗಳನ್ನು ಅಲ್ಲೇ ಓದಿ ಮುಗಿಸಿ, ವಿಶ್ವವಿದ್ಯಾಲಯದ ಮೂರನೆಯ ವರ್ಷಕ್ಕೆ ವರ್ಗಾವಣೆ ಪಡೆಯಬಹುದು. ಕೊನೆಗೆ ಸಿಗುವ ಪದವಿ ಪತ್ರಕ್ಕೂ ಮೊದಲ ದಿನದಿಂದ ಆ ವಿಶ್ವವಿದ್ಯಾಲಯದಲ್ಲೇ ಓದಿದವರ ಪತ್ರಕ್ಕೂ ವ್ಯತ್ಯಾಸವಿರುವುದಿಲ್ಲ. ಎಂಜಿನಿಯರನ್ನು ತಡವಾಗಿಯೂ ರೂಪಿಸಬಹುದು ಎಂಬ ನಂಬಿಕೆಗೆ ಒಂದು ದೇಶ ಕಟ್ಟಿಕೊಟ್ಟ ಸಾರ್ವಜನಿಕ ರೂಪ ಇದು. ಆ ನಂಬಿಕೆ ಸರಿಯಾದದ್ದು ಎಂದು ನಾನು ವಾದಿಸುತ್ತೇನೆ. ಆದರೆ ಅದು ಫಲಿಸುವುದು ವಿಶ್ವವಿದ್ಯಾಲಯ ತನ್ನನ್ನು ತಾನು ಕಟ್ಟುಪಾಡಿಗೆ ಒಳಪಡಿಸಿಕೊಂಡ ಕಡೆ ಮಾತ್ರ. ವಿದ್ಯಾರ್ಥಿಯ ಛಲವನ್ನೇ ನೆಚ್ಚಿಕೊಂಡ ಕಡೆಗಳಲ್ಲಿ ಈ ಎರಡು ವರ್ಷಗಳು ಬಹುಮಂದಿಯ ಪಾಲಿಗೆ ಮುಂದೆ ದಾರಿಯಿಲ್ಲದ ಓಣಿಯಾಗಿವೆ.

ಈ ಎರಡು ವರ್ಷಗಳಲ್ಲಿ ಏನು ಓದಿಸುತ್ತಾರೆ ಎಂಬುದನ್ನು ತುಸು ವಿವರವಾಗಿ ನೋಡಬೇಕು, ಏಕೆಂದರೆ ಗಂಟು ಇರುವುದು ಅಲ್ಲೇ. ಮೊದಲು ಕ್ಯಾಲ್ಕುಲಸ್‌ನ ಮೂರು ಪತ್ರಿಕೆಗಳು: ಅವಕಲನ, ಅನುಕಲನ ಮತ್ತು ಶ್ರೇಣಿಗಳು, ಬಹುಚರಗಳ ಕ್ಯಾಲ್ಕುಲಸ್. ಆಮೇಲೆ ಅವಕಲ ಸಮೀಕರಣಗಳು, ರೇಖೀಯ ಬೀಜಗಣಿತ. ಕ್ಯಾಲ್ಕುಲಸ್ ಬಳಸಿ ಕಲಿಸುವ ಭೌತಶಾಸ್ತ್ರದಲ್ಲಿ ಮೊದಲು ಯಂತ್ರಶಾಸ್ತ್ರ, ನಂತರ ವಿದ್ಯುತ್ತು ಮತ್ತು ಕಾಂತತ್ವ. ಪ್ರಯೋಗಾಲಯ ಸಮೇತ ರಸಾಯನಶಾಸ್ತ್ರ. ಒಂದು ಪ್ರೋಗ್ರಾಮಿಂಗ್ ಭಾಷೆ. ಸಿವಿಲ್, ಮೆಕ್ಯಾನಿಕಲ್ ಕಡೆ ಹೋಗುವವರಿಗೆ ಸ್ಟ್ಯಾಟಿಕ್ಸ್, ಡೈನಮಿಕ್ಸ್, ವಸ್ತುಗಳ ಗುಣಧರ್ಮ; ಎಲೆಕ್ಟ್ರಿಕಲ್‌ಗೆ ಹೋಗುವವರಿಗೆ ಸರ್ಕ್ಯೂಟ್. ಇವುಗಳಲ್ಲಿ ಒಂದನ್ನು ಮುಗಿಸದೆ ಇನ್ನೊಂದಕ್ಕೆ ಕೂರುವಂತಿಲ್ಲ. ಮೊದಲ ಕ್ಯಾಲ್ಕುಲಸ್ ಇಲ್ಲದೆ ಭೌತಶಾಸ್ತ್ರವಿಲ್ಲ, ಭೌತಶಾಸ್ತ್ರವಿಲ್ಲದೆ ಸ್ಟ್ಯಾಟಿಕ್ಸ್ ಇಲ್ಲ, ಸ್ಟ್ಯಾಟಿಕ್ಸ್ ಇಲ್ಲದೆ ಡೈನಮಿಕ್ಸ್ ಇಲ್ಲ. ಇತಿಹಾಸವನ್ನೋ ಸಮಾಜಶಾಸ್ತ್ರವನ್ನೋ ಓದುವವರು ಒಂದು ಸೆಮಿಸ್ಟರ್‌ನ ಪತ್ರಿಕೆಯನ್ನು ಮುಂದಿನದರಲ್ಲಿ ಓದಿಕೊಂಡರೆ ನಡೆಯುತ್ತದೆ. ಎಂಜಿನಿಯರಿಂಗ್‌ನಲ್ಲಿ ಒಂದು ಪತ್ರಿಕೆ ಹಿಂದೆ ಬಿದ್ದರೆ ಅದರ ಮುಂದಿನದೆಲ್ಲ ಸಾಲಾಗಿ ನಿಂತುಬಿಡುತ್ತದೆ. ಸಣ್ಣ ಕಾಲೇಜುಗಳಲ್ಲಿ ಸ್ಟ್ಯಾಟಿಕ್ಸ್‌ನಂಥ ಪತ್ರಿಕೆ ವರ್ಷಕ್ಕೆ ಒಂದೇ ಸಲ ನಡೆಯುವುದುಂಟು. ಸಾಕಷ್ಟು ಮಂದಿ ಸೇರದಿದ್ದರೆ ಆ ತರಗತಿಯೇ ರದ್ದಾಗುತ್ತದೆ. ಒಂದು ಸೆಮಿಸ್ಟರ್ ತಪ್ಪಿದವರಿಗೆ ಒಂದು ವರ್ಷ ತಪ್ಪುತ್ತದೆ. ತ್ರಿಕೋನಮಿತಿಯಿಂದ ಶುರುಮಾಡಬೇಕಾದವರಿಗೆ ಎರಡು ವರ್ಷದ ಕಾರ್ಯಕ್ರಮ ಮೂರಕ್ಕೆ, ಹಗಲು ಕೆಲಸಕ್ಕೆ ಹೋಗುವವರಿಗೆ ನಾಲ್ಕಕ್ಕೂ ಎಳೆಯುತ್ತದೆ.

ಈ ಕಾಲೇಜುಗಳು ಹುಟ್ಟಿದ್ದು ತೀರ ಉದಾರ ಉದ್ದೇಶದಿಂದಲೂ ಅಲ್ಲ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನ ಹೈಸ್ಕೂಲಿನಲ್ಲಿ ಆರೇ ಆರು ವಿದ್ಯಾರ್ಥಿಗಳೊಂದಿಗೆ ಮೊದಲ ಸಾರ್ವಜನಿಕ ಜೂನಿಯರ್ ಕಾಲೇಜು ಆರಂಭವಾಯಿತು. ಅದರ ಹಿಂದಿದ್ದವರು ಹೈಸ್ಕೂಲಿನ ಮುಖ್ಯಸ್ಥ ಜೆ. ಸ್ಟಾನ್ಲಿ ಬ್ರೌನ್ ಮತ್ತು ಷಿಕಾಗೊ ವಿಶ್ವವಿದ್ಯಾಲಯದ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್. ಮೊದಲ ಎರಡು ವರ್ಷದ ಬೋಧನೆಯನ್ನು ಬೇರೆ ಕಡೆಗೆ ಬಿಟ್ಟುಕೊಟ್ಟರೆ ವಿಶ್ವವಿದ್ಯಾಲಯ ಉನ್ನತ ಅಧ್ಯಯನಕ್ಕೂ ಸಂಶೋಧನೆಗೂ ಬಿಡುವಾಗುತ್ತದೆ ಎಂಬ ಎಣಿಕೆ ಹಾರ್ಪರ್ ಅವರದು. 1907ರಲ್ಲಿ ಕ್ಯಾಲಿಫೋರ್ನಿಯ ಹೈಸ್ಕೂಲುಗಳಿಗೇ ಕಾಲೇಜಿನ ಮೊದಲ ಎರಡು ವರ್ಷ ಕಲಿಸುವ ಅನುಮತಿ ಕೊಡುವ ಕಾಯ್ದೆ ಮಾಡಿತು. 1910ರಲ್ಲಿ ಫ್ರೆಸ್ನೊದಲ್ಲಿ ಅದು ಕಾರ್ಯರೂಪಕ್ಕೆ ಬಂತು. ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಓದಲು ಹಣ ಕೊಟ್ಟ 1944ರ ಕಾಯ್ದೆಯಿಂದ ಕಾಲೇಜುಗಳು ತುಂಬಿ ತುಳುಕಿದವು. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗ ಊರೂರಿಗೆ ಕಮ್ಯುನಿಟಿ ಕಾಲೇಜು ಬೇಕೆಂದು ಶಿಫಾರಸು ಮಾಡಿತು.

ನಿಜವಾದ ತಿರುವು ಬಂದದ್ದು 1960ರ ಕ್ಯಾಲಿಫೋರ್ನಿಯ ಮಾಸ್ಟರ್ ಪ್ಲಾನ್‌ನಲ್ಲಿ. ಆಗ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಕ್ಲಾರ್ಕ್ ಕೆರ್ ಅದರ ಮುಖ್ಯ ಶಿಲ್ಪಿ. ಹೈಸ್ಕೂಲಿನಲ್ಲಿ ಮೇಲಿನ ಎಂಟನೆಯ ಒಂದು ಭಾಗದವರು ಸಂಶೋಧನಾ ವಿಶ್ವವಿದ್ಯಾಲಯಕ್ಕೆ, ಮೇಲಿನ ಮೂರನೆಯ ಒಂದು ಭಾಗದವರು ರಾಜ್ಯ ಕಾಲೇಜುಗಳಿಗೆ, ಉಳಿದ ಎಲ್ಲರೂ ಕಮ್ಯುನಿಟಿ ಕಾಲೇಜಿಗೆ ಎಂದು ಯೋಜನೆ ವಿಂಗಡಿಸಿತು. ಇಷ್ಟೇ ಓದಿದರೆ ಇದು ನಮ್ಮ ರ‍್ಯಾಂಕ್ ಪಟ್ಟಿಗಿಂತ ಹೆಚ್ಚೇನೂ ಉದಾರವಲ್ಲ ಅನ್ನಿಸುತ್ತದೆ. ಆದರೆ ಅದೇ ಯೋಜನೆಯಲ್ಲಿ ಇನ್ನೊಂದು ಅಂಶವಿತ್ತು. ವಿಶ್ವವಿದ್ಯಾಲಯದಲ್ಲಿ ಮೊದಲೆರಡು ವರ್ಷದ ವಿದ್ಯಾರ್ಥಿಗಳು ನೂರಕ್ಕೆ 40, ಕೊನೆಯ ಎರಡು ವರ್ಷದವರು ನೂರಕ್ಕೆ 60 ಇರಬೇಕು ಎಂಬ ಅನುಪಾತ ಅದು. ಕೆಳಗಿನ ವರ್ಷಗಳಿಗೆ ಕಡಿಮೆ ಮಂದಿಯನ್ನು ತೆಗೆದುಕೊಂಡು ಮೇಲಿನ ವರ್ಷಗಳನ್ನು ತುಂಬಬೇಕೆಂದರೆ ನಡುವೆ ಹೊರಗಿನಿಂದ ಜನ ಬರಲೇಬೇಕು. ಅಂದರೆ ವರ್ಗಾವಣೆಯ ವಿದ್ಯಾರ್ಥಿಗೆ ಸೀಟು ಉಳಿದರೆ ಕೊಡೋಣ ಎಂಬ ದಯೆಯ ಜಾಗದಲ್ಲಿ, ಅವರು ಬರದಿದ್ದರೆ ತರಗತಿಯೇ ತುಂಬದಂಥ ಏರ್ಪಾಡನ್ನು ಕೆರ್ ಮತ್ತು ಸಂಗಡಿಗರು ಮಾಡಿಟ್ಟರು. ಆ ಯೋಜನೆಯ ಎಲ್ಲ ಅಂಶಗಳಲ್ಲಿ ನನಗೆ ತುಂಬ ಮುಖ್ಯವೆನ್ನಿಸುವುದು ಈ ಒಣ ಲೆಕ್ಕದ ಅನುಪಾತವೇ.

ಇಂದು ಕ್ಯಾಲಿಫೋರ್ನಿಯದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ. ರಾಜ್ಯದ ನಿವಾಸಿಗಳಿಗೆ ಒಂದು ಯೂನಿಟ್‌ಗೆ 46 ಡಾಲರ್ ಶುಲ್ಕ. ಎರಡು ವರ್ಷಕ್ಕೆ 60 ಯೂನಿಟ್ ಓದಿದರೂ 2,760 ಡಾಲರ್. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಒಂದೇ ವರ್ಷದ ಶುಲ್ಕ 13,000 ಡಾಲರನ್ನು ಮೀರುತ್ತದೆ. ವಿದೇಶಿ ವಿದ್ಯಾರ್ಥಿಯಾಗಿ ಭಾರತದಿಂದ ನೇರ ಬಂದವರಿಗೆ ಈ ಅಗ್ಗದ ದರ ಸಿಗುವುದಿಲ್ಲ, ಅವರಿಗೆ ಯೂನಿಟ್‌ನ ಬೆಲೆ ಹಲವು ಪಟ್ಟು ಹೆಚ್ಚು. ಆದರೆ ಕ್ಯುಪರ್ಟಿನೊ, ಸನಿವೇಲ್ ಸುತ್ತ ನೆಲೆಸಿದ ಕನ್ನಡ ಕುಟುಂಬಗಳಿಗೆ ಡಿ ಆಂಜಾ ಕಾಲೇಜು ಮನೆಯ ಹತ್ತಿರವೇ ಇದೆ. ಆಪಲ್ ಕಂಪನಿಯ ಸಹಸ್ಥಾಪಕ ಸ್ಟೀವ್ ವಾಜ್ನಿಯಾಕ್ ಬರ್ಕ್ಲಿಗೆ ಹೋಗುವ ಮೊದಲು ಓದಿದ್ದು ಅಲ್ಲೇ. ಹೀಗಿದ್ದರೂ ನಮ್ಮವರ ನಡುವೆ ಮಗ ಅಥವಾ ಮಗಳು ಕಮ್ಯುನಿಟಿ ಕಾಲೇಜಿಗೆ ಹೋಗುತ್ತಾರೆಂದರೆ ದನಿ ತಗ್ಗಿಸಿ ಹೇಳುವ ರೂಢಿ ಇದೆ. ಊರಿನಲ್ಲಿ ಡಿಪ್ಲೊಮಾ ಎಂದರೆ ಮೂಗು ಮುರಿಯುವ ಅಭ್ಯಾಸವನ್ನೇ ಅಲ್ಲಿಗೂ ಹೊತ್ತೊಯ್ದಿದ್ದೇವೆ. ಈ ಕೀಳರಿಮೆಗೆ ಆಧಾರವಿಲ್ಲ, ಮತ್ತು ಅದರಿಂದ ಮಕ್ಕಳಿಗೆ ಆಗುವ ನೋವು ಸಣ್ಣದಲ್ಲ.

ಆಧಾರವಿಲ್ಲ ಎಂದಾಗ ಒಬ್ಬ ವ್ಯಕ್ತಿಯ ಕತೆ ಹೇಳಬೇಕು. 2012ರ ಆಗಸ್ಟ್‌ನಲ್ಲಿ ನಾಸಾದ ಕ್ಯೂರಿಯಾಸಿಟಿ ನೌಕೆ ಮಂಗಳದ ಮೇಲೆ ಇಳಿಯಿತು. ರಾಕೆಟ್ ಉರಿಸುತ್ತ ಮೇಲೆ ನಿಂತ ವಾಹನವೊಂದು ಸುಮಾರು ಒಂದು ಟನ್ ತೂಕದ ರೋವರನ್ನು ಹಗ್ಗಗಳಲ್ಲಿ ಕೆಳಗಿಳಿಸಿದ ಆ ವಿಧಾನ ಹಿಂದೆ ಯಾರೂ ಬಳಸಿದ್ದಾಗಿರಲಿಲ್ಲ. ಇಳಿಸುವ ವ್ಯವಸ್ಥೆಯ ತಂಡವನ್ನು ಮುನ್ನಡೆಸಿದವರು ಆ್ಯಡಂ ಸ್ಟೆಲ್ಟ್ಸ್‌ನರ್. ಹೈಸ್ಕೂಲಿನಲ್ಲಿ ಅವರು ರೇಖಾಗಣಿತದಲ್ಲಿ ನಪಾಸಾಗಿದ್ದರು. ಓದು ಬಿಟ್ಟು ರಾಕ್ ಸಂಗೀತದ ತಂಡದಲ್ಲಿ ಬಾಸ್ ಗಿಟಾರ್ ನುಡಿಸುತ್ತಿದ್ದರು. ರಾತ್ರಿ ಕಾರ್ಯಕ್ರಮ ಮುಗಿಸಿ ಬರುವಾಗ ಮಹಾವ್ಯಾಧ ನಕ್ಷತ್ರಪುಂಜ ಸಂಜೆ ಇದ್ದ ಕಡೆ ಇಲ್ಲದಿರುವುದನ್ನು ಗಮನಿಸಿ, ಅದೇಕೆ ಹಾಗೆ ಎಂದು ತಿಳಿಯಲು ಹತ್ತಿರದ ಕಮ್ಯುನಿಟಿ ಕಾಲೇಜಾದ ಕಾಲೇಜ್ ಆಫ್ ಮರೀನ್‌ನಲ್ಲಿ ಖಗೋಳಶಾಸ್ತ್ರದ ತರಗತಿ ಕೇಳಿಕೊಂಡು ಹೋದರು. ಅದಕ್ಕೆ ಮೊದಲು ಭೌತಶಾಸ್ತ್ರ ಓದಬೇಕಿತ್ತು. ಓದಿದರು. ಅಲ್ಲಿಂದ ಡೇವಿಸ್‌ನ ವಿಶ್ವವಿದ್ಯಾಲಯಕ್ಕೆ ವರ್ಗಾವಣೆ ಪಡೆದು 1990ರಲ್ಲಿ ಮೆಕ್ಯಾನಿಕಲ್ ಪದವಿ, ಮರುವರ್ಷ ಕ್ಯಾಲ್‌ಟೆಕ್‌ನಲ್ಲಿ ಸ್ನಾತಕೋತ್ತರ, 1999ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಡಾಕ್ಟರೇಟ್. ಹದಿನೆಂಟನೆಯ ವಯಸ್ಸಿನಲ್ಲಿ ಯಾವ ರ‍್ಯಾಂಕ್ ಪಟ್ಟಿಯೂ ಈ ಮನುಷ್ಯನನ್ನು ಹತ್ತಿರ ಸೇರಿಸುತ್ತಿರಲಿಲ್ಲ.

ಒಬ್ಬರ ಬದುಕು ಪುರಾವೆಯಾಗದು ಎಂಬ ಆಕ್ಷೇಪ ನ್ಯಾಯವಾದದ್ದು. ಹಾಗಾದರೆ ದೊಡ್ಡ ಚಿತ್ರ ನೋಡೋಣ. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2005ರಲ್ಲಿ ಹೊರತಂದ ವರದಿಯ ಪ್ರಕಾರ 1999 ಮತ್ತು 2000ರಲ್ಲಿ ಎಂಜಿನಿಯರಿಂಗ್ ಪದವಿ, ಸ್ನಾತಕೋತ್ತರ ಪದವಿ ಪಡೆದವರಲ್ಲಿ ನೂರಕ್ಕೆ ಸುಮಾರು 40 ಮಂದಿ ಒಂದಲ್ಲ ಒಂದು ಹಂತದಲ್ಲಿ ಕಮ್ಯುನಿಟಿ ಕಾಲೇಜಿನಲ್ಲಿ ಓದಿದವರು. ಎರಡು ವರ್ಷ ಪೂರ್ತಿ ಓದಿದವರೂ ಒಂದೆರಡು ಪತ್ರಿಕೆ ಓದಿದವರೂ ಈ ಲೆಕ್ಕದಲ್ಲಿ ಸೇರಿದ್ದಾರೆ, ನಿಜ. ಆದರೂ ಆ ದೇಶದ ಸೇತುವೆ, ಚಿಪ್, ವಿಮಾನಗಳ ಹಿಂದೆ ಈ ಕಾಲೇಜುಗಳು ಎಷ್ಟು ಆಳವಾಗಿ ಸೇರಿಕೊಂಡಿವೆ ಎಂಬುದಕ್ಕೆ ಇಷ್ಟು ಸಾಕು. ಆಯ್ಕೆ ಬಿಗಿಯಾಗಿರುವ ವಿಶ್ವವಿದ್ಯಾಲಯಗಳಿಗೆ ಹೀಗೆ ಬಂದವರು, ನೇರವಾಗಿ ಸೇರಿದವರಷ್ಟೇ ಅಥವಾ ಅವರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಪದವಿ ಮುಗಿಸುತ್ತಾರೆ ಎಂದು ಜ್ಯಾಕ್ ಕೆಂಟ್ ಕುಕ್ ಪ್ರತಿಷ್ಠಾನದ 2019ರ ಅಧ್ಯಯನ ತೋರಿಸಿತು.

ಹಾಗಿದ್ದರೆ ತೊಂದರೆ ಎಲ್ಲಿ? ದಾಟಿ ಬಂದವರು ಗೆಲ್ಲುತ್ತಾರೆ, ದಾಟುವವರೇ ಕಡಿಮೆ. ಕಮ್ಯುನಿಟಿ ಕಾಲೇಜಿಗೆ ಸೇರುವಾಗ ನೂರಕ್ಕೆ ಸುಮಾರು 80 ಮಂದಿ ಪದವಿಯ ಆಸೆ ಹೇಳಿಕೊಳ್ಳುತ್ತಾರೆ. ಸೇರಿದವರಲ್ಲಿ ಆರು ವರ್ಷದೊಳಗೆ ವರ್ಗಾವಣೆ ಪಡೆಯುವವರು ಮೂರನೆಯ ಒಂದು ಭಾಗದ ಆಸುಪಾಸು. ಪದವಿಯನ್ನೇ ಮುಗಿಸುವವರು ನೂರಕ್ಕೆ 16ರಷ್ಟು. ಈ ಅಂಕಿಗಳನ್ನು ಮುಚ್ಚಿಟ್ಟು ತೆರೆದ ಬಾಗಿಲಿನ ಗುಣಗಾನ ಮಾಡುವುದು ಆ ಬಾಗಿಲನ್ನು ನಂಬಿ ಬಂದವರಿಗೆ ಬಗೆಯುವ ದ್ರೋಹ.

ಸಮಾಜಶಾಸ್ತ್ರಜ್ಞ ಬರ್ಟನ್ ಕ್ಲಾರ್ಕ್ 1960ರಲ್ಲೇ, ಮಾಸ್ಟರ್ ಪ್ಲಾನ್ ರೂಪುಗೊಂಡ ವರ್ಷವೇ, ಇದನ್ನು ಕಂಡಿದ್ದರು. ಸ್ಯಾನ್ ಹೊಸೆಯ ಜೂನಿಯರ್ ಕಾಲೇಜೊಂದನ್ನು ಅಧ್ಯಯನ ಮಾಡಿದ ಅವರು, ಈ ಕಾಲೇಜುಗಳು ಜನರ ಆಸೆಯನ್ನು ಮೆಲ್ಲಗೆ ತಣಿಸಿ ಆರಿಸುವ ಕೆಲಸವನ್ನೂ ಮಾಡುತ್ತವೆ ಎಂದರು. ಯಾರನ್ನೂ ಹೊರಗೆ ಕಳಿಸುವುದಿಲ್ಲ. ಒಂದು ಪರೀಕ್ಷೆ, ಒಂದು ಸಲಹೆ, ಇನ್ನೊಂದು ಸಲಹೆ; ಎಂಜಿನಿಯರ್ ಆಗಲು ಬಂದವನು ಎಂಜಿನಿಯರಿಂಗ್ ಸಹಾಯಕನ ಕೋರ್ಸಿಗೆ ಸರಿದುಕೊಳ್ಳುತ್ತಾನೆ, ಅದು ತನ್ನದೇ ತೀರ್ಮಾನ ಎಂದುಕೊಳ್ಳುತ್ತಾನೆ. ಸಮಾಜ ಎಲ್ಲರಿಗೂ ಆಸೆ ಹುಟ್ಟಿಸುತ್ತದೆ, ಸೀಟು ಮಾತ್ರ ಕೆಲವರಿಗೇ ಇಟ್ಟಿರುತ್ತದೆ. ನಡುವಿನ ಅಂತರವನ್ನು ಸದ್ದಿಲ್ಲದೆ ನಿಭಾಯಿಸುವ ಕೆಲಸ ಈ ಕಾಲೇಜುಗಳ ಪಾಲಿಗೆ ಬಂದಿದೆ ಎಂಬುದು ಅವರ ವಿವರಣೆ. ಕಮ್ಯುನಿಟಿ ಕಾಲೇಜುಗಳನ್ನು ಪ್ರೀತಿಸುವವರಿಗೆ ಕ್ಲಾರ್ಕ್ ಇಂದಿಗೂ ಚುಚ್ಚುತ್ತಾರೆ, ಚುಚ್ಚಬೇಕು.

ಗಣಿತದ ತರಗತಿಗಳಲ್ಲಿ ಈ ತಣಿಸುವಿಕೆ ಹೇಗೆ ನಡೆಯುತ್ತಿತ್ತು ಎಂಬುದು ಈಗ ಸ್ಪಷ್ಟವಾಗಿದೆ. ಸೇರುವ ದಿನ ಒಂದು ಪರೀಕ್ಷೆ ಕೊಟ್ಟು, ಅದರಲ್ಲಿ ಕಡಿಮೆ ಬಂದವರನ್ನು ಅಂಕಗಣಿತಕ್ಕೋ ಪ್ರಾಥಮಿಕ ಬೀಜಗಣಿತಕ್ಕೋ ಇಳಿಸುತ್ತಿದ್ದರು. ಅವಕ್ಕೆ ಪದವಿಯ ಕ್ರೆಡಿಟ್ ಇಲ್ಲ. ಕ್ಯಾಲ್ಕುಲಸ್ ಮುಟ್ಟಲು ಮೂರು ನಾಲ್ಕು ಸೆಮಿಸ್ಟರ್ ಕಾಯಬೇಕು, ಪ್ರತಿ ಹಂತದಲ್ಲೂ ಒಂದಷ್ಟು ಮಂದಿ ಉದುರುತ್ತಾರೆ. ಪಾಸಾದವರಲ್ಲೂ ಮುಂದಿನದಕ್ಕೆ ಹೆಸರು ಕೊಡದವರು ಎಷ್ಟೋ. 2017ರಲ್ಲಿ ಕ್ಯಾಲಿಫೋರ್ನಿಯ ಎಬಿ 705 ಎಂಬ ಕಾಯ್ದೆ ತಂದು ಈ ಪದ್ಧತಿಗೆ ತಡೆ ಹಾಕಿತು. ಹೈಸ್ಕೂಲಿನ ಸಾಧನೆಯನ್ನು ನೋಡಿ, ಸಾಧ್ಯವಾದಷ್ಟು ಮಂದಿಯನ್ನು ನೇರವಾಗಿ ಕ್ರೆಡಿಟ್ ಸಿಗುವ ಗಣಿತಕ್ಕೇ ಕೂರಿಸಿ, ಬೇಕಾದ ನೆರವನ್ನು ಜೊತೆಜೊತೆಗೇ ಕೊಡಬೇಕು ಎಂಬುದು ಅದರ ದಿಕ್ಕು. ಎಂಜಿನಿಯರಿಂಗ್‌ಗೆ ಬಂದವರ ಮಟ್ಟಿಗೆ ಈ ಕಾಯ್ದೆಯ ಬಗ್ಗೆ ಇನ್ನೂ ವಾದವಿದೆ. ತ್ರಿಕೋನಮಿತಿಯೇ ಗೊತ್ತಿಲ್ಲದವರನ್ನು ನೇರ ಕ್ಯಾಲ್ಕುಲಸ್‌ಗೆ ಕೂರಿಸಿದರೆ ಮುಳುಗುತ್ತಾರೆ ಎಂಬ ಅಧ್ಯಾಪಕರ ಆತಂಕವನ್ನು ನಾನು ತಳ್ಳಿಹಾಕಲಾರೆ.

ಆ ಆತಂಕಕ್ಕೆ ಉತ್ತರದ ಒಂದು ಭಾಗ ಬರ್ಕ್ಲಿಯಲ್ಲಿ 1970ರ ದಶಕದಲ್ಲೇ ಸಿಕ್ಕಿತ್ತು. ಯೂರಿ ಟ್ರೈಸ್ಮನ್ ಎಂಬ ಗಣಿತಜ್ಞ, ಕ್ಯಾಲ್ಕುಲಸ್‌ನಲ್ಲಿ ಕಪ್ಪು ವಿದ್ಯಾರ್ಥಿಗಳು ಏಕೆ ಸೋಲುತ್ತಿದ್ದಾರೆ, ಚೀನಿ ಮೂಲದವರು ಏಕೆ ಗೆಲ್ಲುತ್ತಿದ್ದಾರೆ ಎಂದು ತಿಳಿಯಲು ಅವರು ಓದುವ ಕಡೆಗೇ ಹೋಗಿ ನೋಡಿದರು. ಆಸೆ ಕಡಿಮೆ, ಮನೆಯ ಬೆಂಬಲ ಕಡಿಮೆ ಎಂದು ಅಧ್ಯಾಪಕರು ಕೊಡುತ್ತಿದ್ದ ಕಾರಣಗಳು ನಿಲ್ಲಲಿಲ್ಲ. ಕಂಡ ವ್ಯತ್ಯಾಸ ಇಷ್ಟೇ: ಚೀನಿ ವಿದ್ಯಾರ್ಥಿಗಳು ಗುಂಪಾಗಿ ಕೂತು ಲೆಕ್ಕ ಬಿಡಿಸುತ್ತಿದ್ದರು, ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದುತ್ತಿದ್ದರು, ಕಪ್ಪು ವಿದ್ಯಾರ್ಥಿಗಳು ಶ್ರದ್ಧೆಯಿಂದ, ಆದರೆ ಒಬ್ಬೊಬ್ಬರೇ ಓದುತ್ತಿದ್ದರು. ಟ್ರೈಸ್ಮನ್ ಈ ವಿದ್ಯಾರ್ಥಿಗಳಿಗಾಗಿ ಕಾರ್ಯಾಗಾರ ನಡೆಸಿದರು. ಅಲ್ಲಿ ಸುಲಭದ ಮರುಪಾಠ ಇರಲಿಲ್ಲ. ತರಗತಿಯಲ್ಲಿ ಕೊಡುವುದಕ್ಕಿಂತ ಕಷ್ಟದ ಲೆಕ್ಕಗಳನ್ನು ಜೊತೆಯಾಗಿ ಬಿಡಿಸಬೇಕಿತ್ತು. ಫಲಿತಾಂಶ ತಲೆಕೆಳಗಾಯಿತು. ಕ್ಯಾಲಿಫೋರ್ನಿಯದ ಅನೇಕ ಕಮ್ಯುನಿಟಿ ಕಾಲೇಜುಗಳಲ್ಲಿ ಇಂದು ಇರುವ ಮೇಸಾ ಕೇಂದ್ರಗಳು, ಅಂದರೆ ಗಣಿತ, ಎಂಜಿನಿಯರಿಂಗ್, ವಿಜ್ಞಾನದ ವಿದ್ಯಾರ್ಥಿಗಳು ಒಟ್ಟಿಗೆ ಕೂತು ಓದುವ ಕೋಣೆಗಳು, ಇದೇ ತಿಳಿವಿನ ಮೇಲೆ ನಡೆಯುತ್ತವೆ. ಪಾಠ ಮುಗಿದ ಕೂಡಲೇ ಕೆಲಸಕ್ಕೋ ಮನೆಗೋ ಓಡಬೇಕಾದ ವಿದ್ಯಾರ್ಥಿಗೆ ಅಂಥ ಒಂದು ಮೇಜು, ಸುತ್ತ ನಾಲ್ಕು ಜನ ಎಷ್ಟು ಬೇಕು ಎಂಬುದು ಒಂಟಿಯಾಗಿ ಅನುಕಲನದೊಡನೆ ಹೆಣಗಿದವರಿಗೆ ಗೊತ್ತು.

ಗಣಿತ ದಾಟಿದರೂ ಇನ್ನೊಂದು ಅಡ್ಡಿ ಉಂಟು, ಅದು ಕಾಗದದ್ದು. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2017ರಲ್ಲಿ ಅಂದಾಜು ಮಾಡಿದ ಪ್ರಕಾರ, 2004ರಿಂದ 2009ರ ನಡುವೆ ಕಾಲೇಜು ಬದಲಿಸಿದವರು ಸರಾಸರಿ ನೂರಕ್ಕೆ 43ರಷ್ಟು ಕ್ರೆಡಿಟ್‌ಗಳನ್ನು ಕಳೆದುಕೊಂಡರು. ಎಲ್ಲ ಬಗೆಯ ಕಾಲೇಜುಗಳ ನಡುವಿನ ಓಡಾಟವೂ ಈ ಲೆಕ್ಕದಲ್ಲಿದೆ. ಎಂಜಿನಿಯರಿಂಗ್‌ನಲ್ಲಿ ಈ ನಷ್ಟ ಇನ್ನಷ್ಟು ನಯವಾಗಿ ಆಗುತ್ತದೆ. ನೀವು ಓದಿದ ಸರ್ಕ್ಯೂಟ್ ಪತ್ರಿಕೆಯನ್ನು ವಿಶ್ವವಿದ್ಯಾಲಯ ಒಪ್ಪುತ್ತದೆ, ಆದರೆ ಐಚ್ಛಿಕ ಪತ್ರಿಕೆಯಾಗಿ. ಶಾಖೆಗೆ ಬೇಕಾದ ಸರ್ಕ್ಯೂಟ್ ಪತ್ರಿಕೆಯನ್ನು ಮತ್ತೆ ಓದಬೇಕು. ಒಂದು ಕ್ಯಾಂಪಸ್ ಸಿ++ ಕೇಳುತ್ತದೆ, ಇನ್ನೊಂದು ಮ್ಯಾಟ್‌ಲ್ಯಾಬ್ ಕೇಳುತ್ತದೆ. ನಾಲ್ಕು ಕಡೆ ಅರ್ಜಿ ಹಾಕುವವರು ನಾಲ್ಕು ಪಟ್ಟಿಗೆ ಹೊಂದಿಸಿ ಓದಬೇಕು. 2010ರಲ್ಲಿ ಕ್ಯಾಲಿಫೋರ್ನಿಯ ತಂದ ವರ್ಗಾವಣೆ ಪದವಿ, 60 ಯೂನಿಟ್ ಮುಗಿಸಿದವರಿಗೆ ರಾಜ್ಯ ವಿಶ್ವವಿದ್ಯಾಲಯದಲ್ಲಿ ಸ್ಥಾನದ ಭರವಸೆ ಕೊಟ್ಟಿತು. ಎಂಜಿನಿಯರಿಂಗ್‌ನ ಗಣಿತ, ಭೌತಶಾಸ್ತ್ರಗಳ ಜೊತೆಗೆ ಸಾಮಾನ್ಯ ಶಿಕ್ಷಣದ ಪತ್ರಿಕೆಗಳನ್ನೂ ಸೇರಿಸಿದರೆ ಅದು 60ರೊಳಗೆ ಹಿಡಿಸುವುದೇ ಇಲ್ಲ. 2021ರ ಇನ್ನೊಂದು ಕಾಯ್ದೆ ಇಂಥ ವಿಷಯಗಳಿಗೆ ಇನ್ನಾರು ಯೂನಿಟ್‌ಗಳ ಅವಕಾಶ ಕೊಡಬೇಕಾಯಿತು. ಎಲ್ಲ ವಿಷಯಕ್ಕೂ ಒಂದೇ ಅಳತೆ ಹಾಕಿದವರು ಎಂಜಿನಿಯರಿಂಗ್ ಅಧ್ಯಾಪಕರ ಜೊತೆ ಮೊದಲೇ ಕೂತು ಮಾತಾಡಿದ್ದರೆ ಹತ್ತು ವರ್ಷ ಉಳಿಯುತ್ತಿತ್ತು.

ಫ್ಲಾರಿಡ ಇದನ್ನು ಬೇರೆ ರೀತಿ ಬಗೆಹರಿಸಿತು. ಅಲ್ಲಿ ಇಡೀ ರಾಜ್ಯದ ಸಾರ್ವಜನಿಕ ಕಾಲೇಜು, ವಿಶ್ವವಿದ್ಯಾಲಯಗಳಿಗೆಲ್ಲ ಪತ್ರಿಕೆಗಳ ಸಂಖ್ಯೆ ಒಂದೇ. ಮೊದಲ ಕ್ಯಾಲ್ಕುಲಸ್ ಎಂಎಸಿ 2311, ಅವಕಲ ಸಮೀಕರಣ ಎಂಎಪಿ 2302, ಕ್ಯಾಲ್ಕುಲಸ್ ಸಹಿತ ಮೊದಲ ಭೌತಶಾಸ್ತ್ರ ಪಿಎಚ್‌ವೈ 2048. ಮಯಾಮಿಯ ಕಾಲೇಜಿನಲ್ಲಿ ಓದಿದರೂ ಗೇನ್ಸ್‌ವಿಲ್‌ನ ವಿಶ್ವವಿದ್ಯಾಲಯದಲ್ಲಿ ಓದಿದರೂ ಅದೇ ಸಂಖ್ಯೆ. ಸಂಖ್ಯೆ ಒಂದೇ ಆದರೆ ವಿಶ್ವವಿದ್ಯಾಲಯ ಅದನ್ನು ಒಪ್ಪಲೇಬೇಕು. ಇಲ್ಲಿಯದು ಬೇರೆ, ಅಲ್ಲಿಯದು ಬೇರೆ ಎಂದು ಗುಮಾಸ್ತರ ಮೇಜಿನ ಮೇಲೆ ವಾದ ಹೂಡುವಂತಿಲ್ಲ. 2006ರಿಂದ ಆರ್ಲೆಂಡೊದ ವೆಲೆನ್ಸಿಯ ಕಾಲೇಜು ಮತ್ತು ಸೆಂಟ್ರಲ್ ಫ್ಲಾರಿಡ ವಿಶ್ವವಿದ್ಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಾಲೇಜಿನಲ್ಲಿ ಎರಡು ವರ್ಷದ ಪದವಿ ಮುಗಿಸಿದವರಿಗೆ ವಿಶ್ವವಿದ್ಯಾಲಯದಲ್ಲಿ ಪ್ರವೇಶ ಖಾತ್ರಿ ಎಂಬ ಒಪ್ಪಂದ ಮಾಡಿಕೊಂಡಿವೆ. ವಿಶ್ವವಿದ್ಯಾಲಯದ ಸಲಹೆಗಾರರು ಕಾಲೇಜಿಗೇ ಬಂದು ಕೂರುತ್ತಾರೆ. ಬೇಡಿಕೆ ಹೆಚ್ಚಿರುವ ಶಾಖೆಗಳಿಗೆ ಪ್ರತ್ಯೇಕ ಷರತ್ತುಗಳು ಇರಬಹುದು, ಅದು ಬೇರೆ ಮಾತು. ಕಾನೂನು ಎಂಬುದು ವಿದ್ಯಾರ್ಥಿಯ ಪರವಾಗಿ ನಿಂತಾಗ ಹೇಗಿರುತ್ತದೆ ಎಂಬುದನ್ನು ಆ ನಾಲ್ಕಂಕಿಯ ಸಂಖ್ಯೆಗಳಲ್ಲಿ ಕಾಣುತ್ತೇನೆ.

ವಿಶ್ವವಿದ್ಯಾಲಯಗಳ ಕಡೆಯ ವಾದವನ್ನೂ ಕೇಳಬೇಕು. ಮಟ್ಟ ಇಳಿಯುತ್ತದೆ ಎಂಬುದು ಅದರ ಸಾರ. ವರ್ಗಾವಣೆಯಾದ ಮೊದಲ ಸೆಮಿಸ್ಟರ್‌ನಲ್ಲಿ ಅಂಕಗಳು ಕುಸಿಯುವುದನ್ನು ಜೆ. ಆರ್. ಹಿಲ್ಸ್ ಎಂಬ ಸಂಶೋಧಕ 1965ರಲ್ಲೇ ದಾಖಲಿಸಿದ್ದರು. ಆದರೆ ಅದೇ ಅಧ್ಯಯನ ಆಮೇಲಿನ ಸೆಮಿಸ್ಟರ್‌ಗಳ ಚೇತರಿಕೆಯನ್ನೂ ಕಂಡಿತ್ತು. ಹೊಸ ಊರು, ಹೊಸ ಪ್ರಯೋಗಾಲಯ, ಎರಡು ವರ್ಷದಿಂದ ಜೊತೆಗಿದ್ದು ಗುಂಪು ಕಟ್ಟಿಕೊಂಡ ಸಹಪಾಠಿಗಳ ನಡುವೆ ಹೊಸಬರಾಗಿ ಹೋಗಿ ಕೂತವರು ಮೊದಲ ನಾಲ್ಕು ತಿಂಗಳು ಎಡವುವುದರಲ್ಲಿ ಸಾಮರ್ಥ್ಯದ ಪ್ರಶ್ನೆ ಎಲ್ಲಿದೆ? ಬೋಧನೆಯ ಗುಣದ ಮಾತಿಗೆ ಬಂದರೆ, ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಮೊದಲ ವರ್ಷದ ಕ್ಯಾಲ್ಕುಲಸ್ ನೂರಾರು ಜನರ ಸಭಾಂಗಣದಲ್ಲಿ ನಡೆಯುವುದು ಸಾಮಾನ್ಯ. ಕಮ್ಯುನಿಟಿ ಕಾಲೇಜಿನ ಅಧ್ಯಾಪಕರಿಗೆ ಸಂಶೋಧನೆಯ ಒತ್ತಡವಿಲ್ಲ, ಪಾಠವೇ ಅವರ ವೃತ್ತಿ, ಎದುರಿಗೆ ಮೂವತ್ತು ನಲವತ್ತು ಮಂದಿ. ಅಂತಿಮ ಪದವಿಯ ಗುಣವನ್ನು ಅಳೆಯಲು ಎಬಿಇಟಿ ಎಂಬ ಸಂಸ್ಥೆಯ ಮಾನ್ಯತೆ ಇದೆ, ಕೊನೆಯ ಎರಡು ವರ್ಷದ ಪರೀಕ್ಷೆಗಳು ಎಲ್ಲರಿಗೂ ಒಂದೇ. ಮಟ್ಟವನ್ನು ಕಾಯಬೇಕಾದ ಜಾಗ ಅದು. ಹದಿನೆಂಟರ ವಯಸ್ಸಿನಲ್ಲಿ ಮೂರು ತಾಸಿನ ಪರೀಕ್ಷೆ ಹೇಳುವುದಕ್ಕಿಂತ, ಎರಡು ವರ್ಷ ಕ್ಯಾಲ್ಕುಲಸ್‌ನಿಂದ ಡೈನಮಿಕ್ಸ್‌ವರೆಗೆ ಒಂದೊಂದೇ ಪತ್ರಿಕೆ ದಾಟಿ ಬಂದ ದಾಖಲೆ ಹೆಚ್ಚು ಹೇಳುತ್ತದೆ.

ಎಂಜಿನಿಯರಿಂಗ್‌ಗೆ ಮುಂಚೆ ಎರಡು ವರ್ಷ ಎಂಬ ಏರ್ಪಾಡು ಫ್ರಾನ್ಸಿನಲ್ಲೂ ಇದೆ. ಅಲ್ಲಿನ ಪೂರ್ವಸಿದ್ಧತಾ ತರಗತಿಗಳಲ್ಲಿ ಎರಡು ವರ್ಷ ಗಣಿತ, ಭೌತಶಾಸ್ತ್ರಗಳನ್ನು ಕಠಿಣವಾಗಿ ಅರೆದು ಕುಡಿಸಿ, 1794ರಲ್ಲಿ ಹುಟ್ಟಿದ ಎಕೋಲ್ ಪಾಲಿಟೆಕ್ನಿಕ್‌ನಂಥ ಶ್ರೇಷ್ಠ ಸಂಸ್ಥೆಗಳ ಸ್ಪರ್ಧಾ ಪರೀಕ್ಷೆಗೆ ಕಳಿಸುತ್ತಾರೆ. ಅದರಿಂದ ಅಸಾಧಾರಣ ಗಣಿತಜ್ಞರು ಬಂದಿದ್ದಾರೆ. ಆದರೆ ಆ ಎರಡು ವರ್ಷಕ್ಕೆ ಸೇರಲೇ ಹೈಸ್ಕೂಲಿನಲ್ಲಿ ಮುಂದಿರಬೇಕು, ಕೊನೆಯಲ್ಲಿ ಮತ್ತೆ ಸೋಸುತ್ತಾರೆ. ನಮ್ಮ ಪಿಯುಸಿ ಮತ್ತು ಕೋಚಿಂಗ್ ಸೇರಿ ಆಗಿರುವುದು ಹೆಚ್ಚುಕಡಿಮೆ ಇದೇ ಜಾತಿಯದು, ಫ್ರೆಂಚರ ಬೋಧನೆಯ ಆಳ ಇಲ್ಲದೆ.

ಕರ್ನಾಟಕಕ್ಕೆ ಈ ಚರ್ಚೆ ಹೊರಗಿನದಲ್ಲ. ನಾವು ತುಂಬ ಗೌರವಿಸುವ ಎಂಜಿನಿಯರ್ ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಆಮೇಲೆ ಮೈಸೂರು ಸರ್ಕಾರದ ನೆರವಿನಿಂದ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದವರು. ಈಗ ನಮ್ಮಲ್ಲಿ ಕಮ್ಯುನಿಟಿ ಕಾಲೇಜಿಗೆ ಹತ್ತಿರವಾದ ದಾರಿ ಒಂದಿದೆ: ಎಸ್ಸೆಸ್ಸೆಲ್ಸಿ ನಂತರ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ, ಆಮೇಲೆ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಬರೆದು ಬಿ.ಇ.ಯ ಎರಡನೆಯ ವರ್ಷಕ್ಕೆ ನೇರ ಪ್ರವೇಶ. ಸೀಟನ್ನು ಕಾನೂನೇ ಇಟ್ಟಿದೆ. ಆ ಮಟ್ಟಿಗೆ ನಾವು ಕೆರ್ ಅವರ ಅನುಪಾತದ ಮಾತನ್ನು ನಮ್ಮದೇ ರೀತಿಯಲ್ಲಿ ಒಪ್ಪಿಕೊಂಡಿದ್ದೇವೆ. ಹಳ್ಳಿಯಿಂದ, ಕನ್ನಡ ಮಾಧ್ಯಮದಿಂದ, ಬೇಗ ದುಡಿಯಬೇಕಾದ ಮನೆಗಳಿಂದ ಬಂದವರು ಹೆಚ್ಚಾಗಿ ಹಿಡಿಯುವ ದಾರಿ ಇದು. ವರ್ಕ್‌ಶಾಪಿನಲ್ಲಿ ಲೇತ್ ಮುಟ್ಟಿದವರು, ಸರ್ವೆಗೆ ಬಿಸಿಲಲ್ಲಿ ನಿಂತವರು ತರಗತಿಗೆ ತರುವ ಅನುಭವ ಪಿಯುಸಿಯಿಂದ ಬಂದವರಲ್ಲಿ ಇರುವುದಿಲ್ಲ.

ಅವರು ಎಡವುವುದು ಗಣಿತದಲ್ಲಿ. ಡಿಪ್ಲೊಮಾದ ಗಣಿತ ತೆಳುವಾದದ್ದು, ಬಿ.ಇ. ಮೂರನೆಯ ಸೆಮಿಸ್ಟರ್‌ಗೆ ಕಾಲಿಟ್ಟ ಕೂಡಲೇ ಲಾಪ್ಲಾಸ್ ಪರಿವರ್ತನೆ, ಫೋರಿಯರ್ ಶ್ರೇಣಿಗಳು ಎದುರಾಗುತ್ತವೆ. ಅದನ್ನು ಅರಿತೇ ವಿಟಿಯು ಈ ವಿದ್ಯಾರ್ಥಿಗಳಿಗೆ ಹೆಚ್ಚುವರಿ ಗಣಿತದ ಪತ್ರಿಕೆಗಳನ್ನು ಮೂರು ಮತ್ತು ನಾಲ್ಕನೆಯ ಸೆಮಿಸ್ಟರ್‌ಗಳಲ್ಲಿ ಇಟ್ಟಿತು. ಉದ್ದೇಶ ಒಳ್ಳೆಯದು, ಹೊತ್ತು ತಪ್ಪು. ಮೊದಲೇ ತಿಳಿದಿರಬೇಕಾದ್ದನ್ನೂ ಅದರ ಮೇಲೆ ಕಟ್ಟುವುದನ್ನೂ ಒಂದೇ ಸೆಮಿಸ್ಟರ್‌ನಲ್ಲಿ ಕಲಿ ಎಂದರೆ ಹೊರೆ ಇಮ್ಮಡಿಯಾಗುತ್ತದೆ. ಪ್ರವೇಶದ ಸುತ್ತುಗಳು ತಡವಾಗಿ, ತರಗತಿ ಶುರುವಾದ ಮೇಲೆ ಬಂದು ಸೇರುವವರಿಗೆ ಇನ್ನೂ ಕಷ್ಟ. ಈ ಪಾಠ ಇರಬೇಕಾದದ್ದು ಡಿಪ್ಲೊಮಾದ ಕೊನೆಯ ವರ್ಷದಲ್ಲಿ, ಬಿ.ಇ.ಗೆ ಹೋಗಬಯಸುವವರಿಗೆ ಐಚ್ಛಿಕವಾಗಿ, ಎಂಜಿನಿಯರಿಂಗ್ ಕಾಲೇಜಿನ ಗಣಿತ ಅಧ್ಯಾಪಕರು ಪಾಲಿಟೆಕ್ನಿಕ್‌ನ ಮೇಷ್ಟರುಗಳ ಜೊತೆ ಕೂತು ರೂಪಿಸಿದ ಪತ್ರಿಕೆಯಾಗಿ. ಅಲ್ಲಿ ಪಾಸಾದವರಿಗೆ ಬಿ.ಇ.ಯಲ್ಲಿ ಆ ಹೆಚ್ಚುವರಿ ಪತ್ರಿಕೆಗಳಿಂದ ವಿನಾಯಿತಿ ಸಿಗಬೇಕು, ಆ ವಿನಾಯಿತಿ ನಿಯಮದಲ್ಲೇ ಬರೆದಿರಬೇಕು. ತಾಂತ್ರಿಕ ಶಿಕ್ಷಣ ಇಲಾಖೆ ಮತ್ತು ವಿಟಿಯು ಒಂದು ಮೇಜಿನ ಸುತ್ತ ಕೂತರೆ ಒಂದು ಶೈಕ್ಷಣಿಕ ವರ್ಷದೊಳಗೆ ಆಗುವ ಕೆಲಸ ಇದು. ಹೊಸ ಕಟ್ಟಡವೂ ಬೇಡ, ಹೊಸ ಪರೀಕ್ಷೆಯೂ ಬೇಡ.